ಯಾರ ಕೈಯ ಪಲ್ಯ

ಹೆಬ್ಬಗೋಡಿಯ ಕೃಷ್ಣಮ್ಮನ ಮನೆಯಲ್ಲಿ ಹುರುಳಿಕಾಯಿ ಪಲ್ಯಕ್ಕೆ ಕಾಯಿತುರಿಯಲ್ಲದೆ ಬೇರೊಂದು ಬಿದ್ದದ್ದಿಲ್ಲ. ಹುರುಳಿಕಾಯಿಯನ್ನು ಮೊದಲು ಉಪ್ಪು ಹಾಕಿ ಬೇಯಿಸಬೇಕು, ಬಸಿಯಬೇಕು, ಬಸಿದ ನೀರನ್ನು ಸಾರಿಗೆ ಬಿಡಬೇಕು. ಆಮೇಲೆ ಸಾಸಿವೆ, ಉದ್ದಿನಬೇಳೆ, ಈರುಳ್ಳಿಯ ಒಗ್ಗರಣೆಯಲ್ಲಿ ತಿರುವಿ ಮೇಲೆ ಕೈತುಂಬ ತುರಿ ಉದುರಿಸಬೇಕು. ಅವಳ ಅತ್ತೆ ಮಾಡುತ್ತಿದ್ದದ್ದು ಹಾಗೆ, ಅವಳು ಮಾಡಿಕೊಂಡು ಬಂದದ್ದೂ ಹಾಗೆ. ಹೀಗಿರುವಾಗ ಆ ಬೆಳಗ್ಗೆ ಚಪಾತಿಯ ಜೊತೆ ಬಡಿಸಿದ ಪಲ್ಯದಲ್ಲಿ ಹಲ್ಲಿಗೆ ಗಟ್ಟಿಯಾಗಿ ಏನೋ ಸಿಕ್ಕಾಗ ಅವಳು ಕಲ್ಲೆಂದುಕೊಂಡಳು. ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗಿಟ್ಟು ನೋಡಿದರೆ ಅರ್ಧ ಕಡಲೆಕಾಯಿ ಬೀಜ.

"ಇದೇನವ್ವ ಶೋಭಾ, ಪಲ್ಯಕ್ಕೆ ಕಡ್ಲೆಕಾಯಿ ಬೀಜ ಹಾಕಿದ್ದೀಯ?"

ಸೊಸೆ ಶೋಭಾರಾಣಿ ಡಬ್ಬಿ ಕಟ್ಟುತ್ತಿದ್ದಳು. ತಿರುಗಿ ನೋಡಲಿಲ್ಲ. "ಆಫೀಸಲ್ಲಿ ಒಬ್ರು ಹೇಳ್ಕೊಟ್ರು ಅತ್ತೆ. ಬೇಗ ಆಗುತ್ತೆ. ಬೇಯ್ಸೋದೂ ಬೇಡ, ಬಸಿಯೋದೂ ಬೇಡ."

ಕೃಷ್ಣಮ್ಮ ಹೂಂ ಅಂದಳು. ಬೀಜವನ್ನು ಮತ್ತೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಹುರುಳಿಕಾಯಿ ಬೆಂದಿತ್ತು, ಆದರೂ ಬಣ್ಣ ಕೆಟ್ಟಿರಲಿಲ್ಲ. ಜಜ್ಜಿದ ಬೆಳ್ಳುಳ್ಳಿ ಬಿದ್ದಿತ್ತು. ಮೇಲೆ ಯಾವುದೋ ಪುಡಿ ಉದುರಿಸಿದ್ದರು, ಅದರ ಖಾರ ತಡವಾಗಿ ಬಂದು ಗಂಟಲಲ್ಲಿ ಕೂತಿತು. ರುಚಿಯಾಗಿತ್ತು. ಅವಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಮದುವೆಯಾಗಿ ಬಂದು, ಮಗಳು ಕಾಲೇಜಿಗೆ ಹೋಗುವಷ್ಟು ಕಾಲವಾದರೂ ಶೋಭಾರಾಣಿ ಮಾಡಿದ ಪಲ್ಯವನ್ನು ಆ ಮನೆಯಲ್ಲಿ ಯಾರೂ ಎರಡನೇ ಸಲ ಹಾಕಿಸಿಕೊಂಡದ್ದಿಲ್ಲ.

ಅಡುಗೆ ಮನೆ ಕೃಷ್ಣಮ್ಮನ ಕೈ ಬಿಟ್ಟದ್ದು ಶ್ರಾವಣದಲ್ಲಿ. ಮಹಡಿಯ ಮೇಲೆ ಒಣಹಾಕಿದ್ದ ರಾಗಿ ತರಲು ಹೋಗಿ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಲೋಟ ಸಹ ಎತ್ತಬೇಡಿ ಅಂದರು. ಗಂಡ ಬೈರಪ್ಪ ತೀರಿಕೊಂಡ ಮೇಲೂ, ಹೊಲ ಹೋಗಿ ಆ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೂ ಅವಳು ಬಿಡದೆ ಹಿಡಿದುಕೊಂಡಿದ್ದದ್ದು ಒಲೆಯೊಂದನ್ನೇ. ಈಗ ಅದೂ ಹೋಗಿ, ಎಡಗೈಯಲ್ಲಿ ಚಮಚ ಹಿಡಿದು ಮಗುವಿನ ಹಾಗೆ ತಿನ್ನಬೇಕಾಗಿ ಬಂತು.

ಮಗ ನಂದೀಶ್ ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ. ಬೆಳಕು ಹರಿಯುವ ಹೊತ್ತಿಗೆ ಬಂದು ಮಲಗಿದರೆ ಮಧ್ಯಾಹ್ನ ಏಳುತ್ತಿದ್ದ. ಸೊಸೆಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಎಂಟಕ್ಕೆ ಗಾಡಿ ಬರುತ್ತಿತ್ತು. ಮೊಮ್ಮಗಳು ಮೇಘಾ ಅದೇ ಹೊತ್ತಿಗೆ ಕಾಲೇಜಿಗೆ. ಕೃಷ್ಣಮ್ಮ ಬೆಳಗ್ಗೆ ಎದ್ದು ಡೇರಿಗೆ ಹೋಗಿ, ಹಾಲು ಹಿಡಿದುಕೊಂಡು ಮುನೇಶ್ವರನ ಗುಡಿಯ ಕಟ್ಟೆಯಲ್ಲಿ ಒಂದಷ್ಟು ಹೊತ್ತು ಕೂತು ಬರುವವಳು. ಕೈ ಮುರಿದರೂ ಆ ಪದ್ಧತಿ ಬಿಟ್ಟಿರಲಿಲ್ಲ. ಅವಳು ಬರುವಷ್ಟರಲ್ಲಿ ಮಗ ಮಲಗಿರುತ್ತಿದ್ದ, ಅಡುಗೆ ಮುಗಿದು ಮುಚ್ಚಳ ಮುಚ್ಚಿರುತ್ತಿತ್ತು, ಸೊಸೆ ಒಲೆ ಒರೆಸುತ್ತಿರುತ್ತಿದ್ದಳು.

ಆ ವಾರ ಮತ್ತೆ ಅದೇ ಪಲ್ಯ ಬಂತು, ಮುಂದಿನ ವಾರವೂ. ಒಂದು ದಿನ ಹುರುಳಿಕಾಯಿ ಓರೆಯಾಗಿ ಹೆಚ್ಚಿತ್ತು, ಮತ್ತೊಂದು ದಿನ ಬೀಜ ಇಡಿಯಾಗಿತ್ತು, ಪುಡಿಯ ಖಾರ ಮಾತ್ರ ಒಂದೇ. ಕೃಷ್ಣಮ್ಮ ಉಂಡಳು, ಏನೂ ಅನ್ನಲಿಲ್ಲ. ಅನ್ನದೆ ಇರುವುದು ಅವಳಿಗೆ ಕಷ್ಟವಿರಲಿಲ್ಲ.

ಭಾನುವಾರ ಗುಡಿಯ ಕಟ್ಟೆಯಲ್ಲಿ ಹುಡುಗರು ಮೊಬೈಲು ಹಿಡಿದು ಜಾಗವೆಲ್ಲ ತುಂಬಿ ಕೂತಿರುತ್ತಾರೆ. ಅವತ್ತು ಅವಳು ಹಾಲು ತಂದವಳೇ ಮನೆಗೆ ಬಂದು ಅಡುಗೆ ಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಳು. ಶೋಭಾರಾಣಿ ಹುರುಳಿಕಾಯಿಯ ನಾರು ತೆಗೆದಳು, ಅರ್ಧಕ್ಕೆ ತೆಗೆದು ಅರ್ಧ ಮರೆತಳು. ಸಾಸಿವೆ ಸೀದಿತು. ಒಲೆಯ ಮೇಲೆ ನೀರು ಚೆಲ್ಲಿತು. ಪಲ್ಯ ತಟ್ಟೆಗೆ ಬಂದಾಗ ಕಾಯಿ ಹಸಿ, ಉಪ್ಪು ಮುಂದೆ.

"ವಾರವೆಲ್ಲಾ ಅಷ್ಟು ಚೆನ್ನಾಗಿ ಮಾಡೋಳಿಗೆ ಭಾನುವಾರ ಕೈ ಯಾಕವ್ವ ಕೆಡ್ತು?"

"ನೀವು ಬಾಗ್ಲಲ್ಲಿ ಕೂತ್ಕೊಂಡು ನೋಡ್ತಿದ್ರೆ ಯಾರ ಕೈ ಆದ್ರೂ ಕೆಡುತ್ತೆ ಅತ್ತೆ."

ಮೇಘಾ ತಟ್ಟೆಯೊಳಗೆ ತಲೆ ತಗ್ಗಿಸಿ ನಕ್ಕಳು. ನಂದೀಶ್ ನೀರು ಕುಡಿದು ಎದ್ದುಹೋದ. ಕೃಷ್ಣಮ್ಮ ಸೊಸೆಯ ಮುಖವನ್ನೇ ನೋಡಿದಳು. ಮಾತು ಚುರುಕಾಗಿತ್ತು, ಆದರೆ ಕಣ್ಣು ಗೋಡೆಯ ಕಡೆ ಇತ್ತು.

ಅಡುಗೆ ಸೊಸೆಯದಲ್ಲ ಎಂಬುದು ಅಂದಿಗೆ ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತು. ಹಾಗಾದರೆ ಯಾರದು ಎನ್ನುವುದಕ್ಕೆ ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ಪಲ್ಯಕ್ಕೆ ಕಡಲೆಕಾಯಿ ಬೀಜವನ್ನೂ ಅದರ ಪುಡಿಯನ್ನೂ ಹಾಕುವವರು ಆ ಬೀದಿಯ ಮೂಲದವರಲ್ಲಿ ಯಾರೂ ಇಲ್ಲ. ಹಾಕುವವರು ಇದ್ದರೆ ಮೇಲಿನ ಬಾಡಿಗೆ ರೂಮಿನ ಸಿದ್ದಕ್ಕ. ಯಲಬುರ್ಗಾ ಕಡೆಯವಳು. ಮಗ ಬಸಲಿಂಗ ನಂದೀಶನ ಫ್ಯಾಕ್ಟರಿಯಲ್ಲೇ, ಅವನ ಪಾಳಿಯಲ್ಲೇ ಕೆಲಸಕ್ಕಿದ್ದ. ರೂಮು ಕೊಡಿಸಿದ್ದೂ ನಂದೀಶನೇ. ಬಸಲಿಂಗನ ಹೆಂಡತಿ ಶಿವಗಂಗಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಈಗ ತುಂಬಿದ ಬಸುರಿಯಾಗಿ ಮನೆಯಲ್ಲಿದ್ದಳು. ಸಿದ್ದಕ್ಕ ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಕೆಳಗಿನ ಮನೆಗೆ ಕೇಳುತ್ತಿತ್ತು.

ರೂಮು ಕೊಡುವಾಗ ಎಷ್ಟು ಜನ, ನೀರು ಎಷ್ಟು ಬಳಸ್ತೀರ ಎಂದಷ್ಟೇ ಕೃಷ್ಣಮ್ಮ ಕೇಳಿದ್ದಳು. ಯಾವ ಜನ ಎಂದು ಕೇಳಿರಲಿಲ್ಲ. ಬಾಡಿಗೆಗೆ ಕೇಳಬೇಕಾದ ಮಾತು ಅದಲ್ಲ ಅಂದುಕೊಂಡಿದ್ದಳು. ತಟ್ಟೆಗೆ ಬರುವಾಗ ಕೇಳಬೇಕಾಗಿತ್ತಲ್ಲ ಎಂದು ಈಗ ಅನ್ನಿಸತೊಡಗಿತು.

ಅವಳು ಹುಡುಕತೊಡಗಿದಳು. ಎಲ್ಲರೂ ಹೊರಟ ಮೇಲೆ, ಮಗ ಮಲಗಿರುವಾಗ ಅಡುಗೆ ಮನೆಗೆ ಹೋಗಿ ಎಡಗೈಯಲ್ಲಿ ಒಂದೊಂದೇ ಡಬ್ಬ ಸರಿಸಿ ನೋಡಿದಳು. ಅಕ್ಕಿ, ಬೇಳೆ, ಹುಣಸೆಹಣ್ಣು ಎಲ್ಲ ಅವಳು ಇಟ್ಟಲ್ಲೇ ಇದ್ದವು. ರಾಗಿ ಹಿಟ್ಟಿನ ದೊಡ್ಡ ಡಬ್ಬದ ಹಿಂದೆ ಮಾತ್ರ ಅವಳು ಯಾವತ್ತೂ ಕಾಣದ ಚಿಕ್ಕ ಸ್ಟೀಲಿನ ಡಬ್ಬಿಯೊಂದಿತ್ತು. ಮುಚ್ಚಳ ತೆಗೆದರೆ ಕೆಂಪು ಪುಡಿ, ಅದೇ ವಾಸನೆ. ಡಬ್ಬಿಯ ಮೇಲೆ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊರೆದುಕೊಟ್ಟ ಹೆಸರು. ಕೃಷ್ಣಮ್ಮನಿಗೆ ಓದು ಅಷ್ಟಕ್ಕಷ್ಟೇ, ಬಸ್ಸಿನ ಬೋರ್ಡು ನೋಡಿ ಕಲಿತದ್ದು.

ಸಂಜೆ ಮೇಘಾ ಬಂದಾಗ ಡಬ್ಬಿಯನ್ನು ಮುಂದಿಟ್ಟಳು. "ಏನ್ ಬರ್ದವ್ರೆ ಓದು."

ಮೇಘಾ ಡಬ್ಬಿ ನೋಡಿದಳು, ಅಜ್ಜಿಯನ್ನು ನೋಡಿದಳು. "ಅಂಗಡಿ ಹೆಸ್ರು ಅಜ್ಜಿ. ಸ್ಟೀಲ್ ಅಂಗಡಿದು."

"ಯಾವ ಅಂಗಡಿ?"

"ಅದೇ... ಸರಿಯಾಗಿ ಕಾಣಲ್ಲ, ಸವೆದೋಗಿದೆ."

ಕೃಷ್ಣಮ್ಮ ಡಬ್ಬಿ ತೆಗೆದುಕೊಂಡು ಇದ್ದಲ್ಲಿಗೇ ಇಟ್ಟುಬಂದಳು. ಮೊದಲ ಅಕ್ಷರ ಸಿ ಎಂದು ಅವಳಿಗೆ ಗೊತ್ತಿತ್ತು. ಸಿಲ್ಕ್ ಬೋರ್ಡ್ ಬಸ್ಸಿನ ಮೇಲೆ ಅದನ್ನೇ ಅಲ್ಲವೇ ನೋಡಿದ್ದು. ಎತ್ತಿ ಆಡಿಸಿದ ಮಗು ಎದುರಿಗೆ ನಿಂತು ಸುಳ್ಳು ಹೇಳಿತ್ತು. ಸೊಸೆ ಒಬ್ಬಳೇ ಅಂದುಕೊಂಡಿದ್ದರೆ ಇಡೀ ಮನೆಯೇ ಸೇರಿಕೊಂಡಿದೆ. ತನಗೆ ಗೊತ್ತಾಗದ ಹಾಗೆ ಒಲೆಯನ್ನು ಮೇಲಿನ ರೂಮಿಗೆ ಒಪ್ಪಿಸಿಬಿಟ್ಟಿದ್ದಾರೆ.

ಹಾಗೆಂದು ಅವಳು ಸುಮ್ಮನಿದ್ದು ಅನುಸರಿಸಿಕೊಂಡು ಹೋಗಬಹುದಿತ್ತು. ಆದರೆ ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅವತ್ತು ಹಿರಿಯರಿಗೆ ಎಡೆ ಇಡಬೇಕು. ತೀರಿಕೊಂಡವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಮಾಡಿ, ಫೋಟೋದ ಮುಂದೆ ಬಾಳೆ ಎಲೆ ಹಾಕಿ ಬಡಿಸಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಬೈರಪ್ಪನಿಗೆ ಮಾಂಸದ ಸಾರು ಎಷ್ಟು ಬೇಕೋ ಹುರುಳಿಕಾಯಿ ಪಲ್ಯವೂ ಅಷ್ಟೇ ಬೇಕು. ಅಡುಗೆ ಮಾತ್ರ ಮನೆಯವರ ಕೈಯದೇ ಆಗಿರಬೇಕು, ಇಲ್ಲದಿದ್ದರೆ ಹಿರಿಯರು ಮುಟ್ಟುವುದಿಲ್ಲ ಎಂಬುದು ಆ ಮನೆಯ ನಂಬಿಕೆ. ಅವಳ ಕೈ ಪ್ಲಾಸ್ಟರಿನಲ್ಲಿತ್ತು. ಗಂಡನ ಎಲೆಗೆ ಯಾರ ಕೈಯದು ಬೀಳುತ್ತದೋ ಎಂದು ಅವಳು ಊಟದ ಹೊತ್ತಿನಲ್ಲೂ ಯೋಚಿಸಿದಳು.

"ಈ ಸಲ ಎಡೆಗೆ ಅಡುಗೆ ಯಾರು ಮಾಡ್ತೀರ?" ಎಂದು ಒಂದು ಸಂಜೆ ಕೇಳಿಯೂ ನೋಡಿದಳು.

"ಮಾಡ್ತೀವಿ ಬಿಡಿ ಅತ್ತೆ. ನೀವ್ಯಾಕೆ ತಲೆ ಕೆಡಿಸ್ಕೋತೀರ?"

ಮಾಡ್ತೀನಿ ಅನ್ನಲಿಲ್ಲ. ಮಾಡ್ತೀವಿ ಅಂದಳು. ಕೃಷ್ಣಮ್ಮ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡಳು.

ಮಾರನೆಯ ಬೆಳಗ್ಗೆ ಅವಳು ಡೇರಿಯವರೆಗೆ ಹೋದಳು, ಹಾಲು ಹಾಕಿಸಿಕೊಂಡಳು, ಗುಡಿಯ ಕಡೆ ತಿರುಗದೆ ಹಿತ್ತಿಲ ಗಲ್ಲಿಯಿಂದ ವಾಪಸು ಬಂದಳು. ಅಡುಗೆ ಮನೆಯಲ್ಲಿ ಒಗ್ಗರಣೆ ಚಟಗುಟ್ಟುವುದು ಗೋಡೆಯಾಚೆಗೇ ಕೇಳಿಸಿತು. ಗೇಟಿನ ಬಳಿ ತಲುಪುವಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಸಿದ್ದಕ್ಕ ಹೊರಗೆ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಖಾಲಿ ಬಟ್ಟಲು. ಅತ್ತಿತ್ತ ನೋಡಿ ಚಪ್ಪಲಿ ಮೆಟ್ಟಿ ಮೆಟ್ಟಿಲು ಹತ್ತಿ ಹೋದಳು.

ಕೃಷ್ಣಮ್ಮ ಒಳಗೆ ಹೋಗಲಿಲ್ಲ. ಕಂಡದ್ದು ಸಾಕಾಗಿತ್ತು. ಗಲ್ಲಿಯಲ್ಲೇ ನಿಂತು, ಹಾಲು ಕೈಯಲ್ಲೇ ಬಿಸಿಯಾಗುವಷ್ಟು ಹೊತ್ತು ಕಳೆದು, ಯಾವಾಗಲೂ ಬರುವ ಹೊತ್ತಿಗೆ ಮುಂಬಾಗಿಲಿನಿಂದ ಬಂದಳು. ಶೋಭಾರಾಣಿ ಒಲೆ ಒರೆಸುತ್ತಿದ್ದಳು. ಮಗನ ಕೋಣೆಯ ಬಾಗಿಲು ಮುಚ್ಚಿತ್ತು. ಇಡೀ ರಾತ್ರಿ ದುಡಿದು ಬಂದು ಮಲಗಿದ್ದಾನೆ, ಅವನಿಗೂ ಇವರು ಅದನ್ನೇ ಬಡಿಸುತ್ತಾರೆ ಎಂದು ಅವಳಿಗೆ ಸಂಕಟವಾಯಿತು. ಅವತ್ತು ಪಲ್ಯವನ್ನು ಪಕ್ಕಕ್ಕೆ ಸರಿಸಿ ಮೊಸರಿನಲ್ಲಿ ಚಪಾತಿ ತಿಂದಳು.

"ಚೆನ್ನಾಗಿಲ್ವಾ ಅತ್ತೆ?"

"ಬೀಜ ಹಲ್ಲಿಗೆ ಸಿಕ್ಕಾಕ್ಕೋತವೆ," ಅಂದಳು.

ಸೊಸೆಯೊಂದಿಗೆ ಜಗಳವಾಡಿದರೆ ಮನೆಯಲ್ಲಿ ಮೂವರು ಒಂದು ಕಡೆ, ತಾನೊಬ್ಬಳು ಒಂದು ಕಡೆ ಆಗುತ್ತದೆಂದು ಅವಳಿಗೆ ಗೊತ್ತಿತ್ತು. ರೂಮು ಮಾತ್ರ ಇನ್ನೂ ಅವಳ ಹೆಸರಿನಲ್ಲಿತ್ತು. ಮಧ್ಯಾಹ್ನ, ಗೋಡೆ ಹಿಡಿದುಕೊಂಡು, ತಾನು ಬಿದ್ದ ಅದೇ ಮೆಟ್ಟಿಲನ್ನು ಹತ್ತಿ ಮೇಲೆ ಹೋದಳು. ಬಾಗಿಲಲ್ಲಿ ಶಿವಗಂಗಾ ಕಾಲು ಚಾಚಿ ಕೂತು ಕೂಸಿಗೆ ಹಳೆ ಸೀರೆಯ ತುಂಡು ಹೊಲಿಯುತ್ತಿದ್ದಳು. ಏಳಲು ಹೋದವಳಿಗೆ ಕೃಷ್ಣಮ್ಮ ಕೂತ್ಕೋ ಎಂದು ಸನ್ನೆ ಮಾಡಿದಳು. ಒಳಗಿಂದ ಸಿದ್ದಕ್ಕ ಕೈ ಒರೆಸಿಕೊಳ್ಳುತ್ತ ಬಂದಳು.

"ನೀವ್ಯಾಕ ಮ್ಯಾಲ ಹತ್ತಿ ಬಂದ್ರಿ ಅಮ್ಮಾರ, ಈ ಕೈ ಇಟ್ಕೊಂಡು. ಕರದಿದ್ರ ನಾನ ಬರ್ತಿದ್ನೆಲ್ಲ."

"ರೂಮು ಬೇಕಾಗೈತೆ ಸಿದ್ದಕ್ಕ. ನಮ್ ತಂಗಿ ಮಗ ಬರ್ತವ್ನೆ ಈ ಕಡೆ ಕೆಲ್ಸಕ್ಕೆ. ಅಮಾಸೆ ಒಳಗೆ ಖಾಲಿ ಮಾಡ್ಕೊಡು."

ಶಿವಗಂಗಾಳ ಸೂಜಿ ನಿಂತಿತು. ಸಿದ್ದಕ್ಕ ಸೊಸೆಯನ್ನೊಮ್ಮೆ ನೋಡಿ, ದನಿ ತಗ್ಗಿಸಿದಳು.

"ನಮ್ಮಿಂದ ಏನರ ತಪ್ಪಾಗೇತೇನ್ರಿ?"

"ತಪ್ಪೇನಿಲ್ಲ. ರೂಮು ಬೇಕು, ಅಷ್ಟೇ."

"ಸೊಸಿಗೆ ದಿನ ತುಂಬ್ಯಾವ್ರಿ. ಹಡಿಯೂತನ ಬಿಡ್ರಿ, ಆಮ್ಯಾಲ ನಾವ ಹೋಗ್ತೀವಿ."

ಕೃಷ್ಣಮ್ಮ ಬಸುರಿಯ ಕಡೆ ನೋಡಲಿಲ್ಲ. ನೋಡಿದರೆ ಮಾತು ಬದಲಾಗುತ್ತದೆಂದು ಗೊತ್ತಿತ್ತು. "ಅಮಾಸೆ ಒಳಗೆ," ಅಂದಳು.

ಸಿದ್ದಕ್ಕ ಸೊಸೆಯ ಕೈಯಿಂದ ಸೂಜಿ ತೆಗೆದು ಸೀರೆಯ ತುಂಡಿಗೆ ಚುಚ್ಚಿಟ್ಟಳು. "ಆತ್ರಿ," ಅಂದಳು. ಅಷ್ಟು ಬೇಗ ಒಪ್ಪಿಕೊಂಡದ್ದನ್ನು ಕಂಡು ಕೃಷ್ಣಮ್ಮನಿಗೆ ತನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ತಪ್ಪಿಲ್ಲದವಳಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳಲ್ಲ ಎಂದುಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವರು ತನಗೆ ಹೇಳಿ ಮಾಡುತ್ತಿದ್ದಾರೆಯೇ, ತಾನೇಕೆ ಹೇಳಬೇಕು. ಮೇಲೆ ಸಾಮಾನು ಸರಿಸುವ ಸದ್ದು ಆಗಾಗ ಕೇಳಿಸಿತು. ಮೇಘಾ, ಮೇಲೆ ಏನು ಗಲಾಟೆ ಎಂದು ಕೇಳಿದಾಗ ಕೃಷ್ಣಮ್ಮ ಟಿವಿಯ ಸದ್ದು ಜಾಸ್ತಿ ಮಾಡಲು ಹೇಳಿದಳು. ಬೆಳಗಿನ ಪಲ್ಯ ಮಾತ್ರ ನಿಲ್ಲಲಿಲ್ಲ. ಹೋಗುವವರೆಗೂ ಮಾಡಿಸಿಕೊಳ್ಳಲಿ ಎಂದುಕೊಂಡಳು.

ಅಮಾವಾಸ್ಯೆಗೆ ಇನ್ನೂ ಕೆಲವು ದಿನವಿರುವಾಗ ಒಂದು ಬೆಳಗ್ಗೆ ಅವಳು ಗುಡಿಯ ಕಟ್ಟೆಯಲ್ಲಿ ಕೂತಿದ್ದಾಗ ಸಾಮಾನು ತುಂಬಿದ ಟೆಂಪೋ ಒಂದು ಎದುರಿಗೆ ಹಾದುಹೋಯಿತು. ಡ್ರೈವರಿನ ಪಕ್ಕ ಶಿವಗಂಗಾ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಹಿಂದೆ ಗ್ಯಾಸಿನ ಸಿಲಿಂಡರಿಗೆ ಒರಗಿ ಸಿದ್ದಕ್ಕ. ಕೃಷ್ಣಮ್ಮ ಮುಖ ತಿರುಗಿಸಿಕೊಂಡಳು. ಟೆಂಪೋ ಹೊಸೂರು ರಸ್ತೆಗೆ ತಿರುಗಿದ ಮೇಲೆ ಮುನೇಶ್ವರನಿಗೆ ಎಡಗೈ ಎತ್ತಿ ನಮಸ್ಕಾರ ಹಾಕಿದಳು.

ಮನೆಗೆ ಬಂದರೆ ಒಗ್ಗರಣೆಯ ವಾಸನೆಯಿರಲಿಲ್ಲ. ನಂದೀಶ್ ಮಲಗಿರಲಿಲ್ಲ. ಫ್ಯಾಕ್ಟರಿಯ ಬಟ್ಟೆಯಲ್ಲೇ, ಬೂಟನ್ನೂ ಬಿಚ್ಚದೆ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಶೋಭಾರಾಣಿ ಗೋಡೆಗೆ ಒರಗಿ ನಿಂತಿದ್ದಳು. ಮೇಘಾ ಬ್ಯಾಗು ಹಾಕಿಕೊಂಡಿದ್ದರೂ ಹೊರಟಿರಲಿಲ್ಲ.

"ಬಸಲಿಂಗಂಗೆ ರೂಮ್ ಖಾಲಿ ಮಾಡು ಅಂದ್ಯಂತೆ."

"ಅಂದೆ."

"ಯಾಕಮ್ಮ?"

"ನಿನ್ ಹೆಂಡ್ತೀನ ಕೇಳು."

"ನನ್ನೇನ್ ಕೇಳೋದು ಅತ್ತೆ? ನಂಗೆ ಗೊತ್ತಾಗಿದ್ದೇ ಈಗ," ಅಂದಳು ಶೋಭಾರಾಣಿ.

ಕೃಷ್ಣಮ್ಮ ಹಾಲಿನ ಪಾತ್ರೆ ಕೆಳಗಿಟ್ಟಳು. ದನಿ ಏರಿಸಲಿಲ್ಲ. ಮೊದಲ ದಿನ ಸಿಕ್ಕ ಬೀಜದಿಂದ ಶುರುಮಾಡಿ, ಭಾನುವಾರ ಕೆಟ್ಟ ಪಲ್ಯ, ರಾಗಿ ಡಬ್ಬದ ಹಿಂದಿನ ಡಬ್ಬಿ, ಮೊಮ್ಮಗಳು ಹೇಳಿದ ಸುಳ್ಳು, ಹಿಂಬಾಗಿಲಿಂದ ಹೊರಬಂದ ಸಿದ್ದಕ್ಕ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಧೈರ್ಯ ಬಂತು. ಯಾರೂ ಇಲ್ಲವೆನ್ನಲಿಲ್ಲ.

"ಎಲ್ಲಾ ಸೇರ್ಕೊಂಡು ನಿಮ್ಮಪ್ಪನ ಎಡೆಗೆ ಬಾಡಿಗೆಯವ್ರ ಕೈ ಅಡುಗೆ ಇಕ್ಕಿಸ್ಬೇಕು ಅಂತಿದ್ದೀರ. ನಾನ್ ಸತ್ಮೇಲೆ ಇಕ್ಕಿಸ್ಕೊಳ್ಳಿ."

ನಂದೀಶ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಆ ಪಲ್ಯ ನಾನ್ ಮಾಡ್ತಿದ್ದಿದ್ದು ಅಮ್ಮ."

"ಹೆಂಡ್ತಿ ಮೇಲೆ ಬರೋ ಮಾತ್ನ ನೀನ್ ಹೊತ್ಕೋಬೇಡ."

"ಹೊತ್ಕೋಳೋದೇನಿದೆ? ಡ್ಯೂಟಿ ಮುಗ್ಸಿ ಬರ್ತೀನಿ, ನೀನ್ ಗುಡಿ ಹತ್ರ ಇರ್ತೀಯ, ಮಾಡಿಟ್ಟು ಮಲಕ್ಕೋತೀನಿ."

"ಒಲೆ ಹಚ್ಚೋಕೇ ಬರಲ್ಲ ನಿಂಗೆ."

"ಬರುತ್ತೆ."

"ಅಂಗಾದ್ರೆ ಮಾಡಿ ತೋರ್ಸು."

ಅವನು ಬೂಟು ಬಿಚ್ಚಿ ಒಳಗೆ ಹೋದ. ಕೃಷ್ಣಮ್ಮ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಹುರುಳಿಕಾಯಿಯ ಚೀಲ ತೆಗೆಯುವ ಮೊದಲು ನಂದೀಶ್ ಕಿಟಕಿಯ ಬಳಿ ಹೋದ. ಆ ಕಿಟಕಿಯ ಚಿಲಕ ಮನೆ ಕಟ್ಟಿದಾಗಿನಿಂದ ಸೊಟ್ಟ. ಎಳೆದರೆ ಬರುವುದಿಲ್ಲ, ರೆಕ್ಕೆಯನ್ನು ಅಂಗೈಯಿಂದ ಸ್ವಲ್ಪ ಮೇಲೆತ್ತಿ ಎಳೆಯಬೇಕು. ಹೊಗೆ ಹೋಗಲೆಂದು ದಿನವೂ ತೆಗೆಯುವವರಿಗಷ್ಟೇ ಆ ಚಿಲಕ ಗೊತ್ತು. ನಂದೀಶ್ ಅದರ ಕಡೆ ನೋಡದೆಯೇ ರೆಕ್ಕೆ ಎತ್ತಿ ಚಿಲಕ ಎಳೆದ. ಕೃಷ್ಣಮ್ಮನಿಗೆ ಆಗಲೇ ಗೊತ್ತಾಗಿಹೋಯಿತು. ಆದರೂ ನಿಂತು ನೋಡಿದಳು. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಅವನು ಹುರುಳಿಕಾಯಿಗಳನ್ನು ಜೋಡಿಸಿ ಹಿಡಿದು ಎರಡೂ ತುದಿ ಮುರಿದು ನಾರು ಎಳೆದ, ಓರೆಯಾಗಿ ಹೆಚ್ಚಿದ. ಕಡಲೆಕಾಯಿ ಬೀಜವನ್ನು ಒಣ ಬಾಣಲೆಯಲ್ಲಿ ಹುರಿದು ತಟ್ಟೆಗೆ ಸುರಿದು, ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಊದಿದ. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ. ಹೆಚ್ಚಿದ ಕಾಯಿ ಹಾಕಿ ಉರಿ ಜೋರು ಮಾಡಿ ಬಿಡದೆ ತಿರುವಿದ; ಉಪ್ಪು ಹಾಕಿ, ಅಂಗೈಯಲ್ಲಿ ನೀರು ಚಿಮುಕಿಸಿ ತಟ್ಟೆ ಮುಚ್ಚಿದ. ಮುಚ್ಚಿಟ್ಟ ಹೊತ್ತಿನಲ್ಲಿ ಸುಮ್ಮನಿರದೆ ಹಲಗೆ ತೊಳೆದಿಟ್ಟ. ತಟ್ಟೆ ತೆಗೆದಾಗ ಕಾಯಿ ಹಸಿರಾಗಿಯೇ ಬೆಂದಿತ್ತು. ಬೀಜ ಸುರಿದು, ರಾಗಿ ಡಬ್ಬದ ಹಿಂದಿನ ಡಬ್ಬಿಯಿಂದ ಪುಡಿ ಉದುರಿಸಿ ಒಲೆ ಆರಿಸಿದ. ಶೋಭಾರಾಣಿ ಗಾಡಿಗೆ ಫೋನು ಮಾಡಿ ಇವತ್ತು ಬರಲ್ಲ ಅಂದದ್ದು ನಡುಮನೆಯಿಂದ ಕೇಳಿಸಿತು.

"ಪುಡಿ ಸಿದ್ದಕ್ಕಂದೇ," ಅಂದ ನಂದೀಶ್. "ರಾತ್ರಿ ಊಟಕ್ಕೆ ಬಸಲಿಂಗನ ಡಬ್ಬೀಲಿ ತಿಂತಿದ್ದೆ. ನಿನ್ ಕೈ ಮುರಿದ್ಮೇಲೆ ಹೆಂಗೆ ಮಾಡೋದು ಅಂತ ಅವ್ರನ್ನ ಕೇಳ್ದೆ. ಅವತ್ತು ನೀನ್ ನೋಡ್ದಾಗ ಪುಡಿ ಕೊಡೋಕೆ ಬಂದಿದ್ರು."

"ಮೊದ್ಲೇ ನಂಗೆ ಹೇಳೋಕೆ ಏನಾಗಿತ್ತೋ?"

ಉತ್ತರ ಬಾಗಿಲಿನಿಂದ, ಸೊಸೆಯಿಂದ ಬಂತು. "ಮದ್ವೆ ಹೊಸದ್ರಲ್ಲಿ ನಂಗೆ ಜ್ವರ ಬಂದಾಗ ಇವ್ರು ಒಂದು ಲೋಟ ಕಾಫಿ ಕಾಯ್ಸಿದ್ದಕ್ಕೆ ನೀವು ಊಟ ಬಿಟ್ಟು ಕೂತಿದ್ರಿ. ಗಂಡ್ಸಿನ ಕೈಲಿ ಒಲೆ ಮುಟ್ಟಿಸ್ದೋಳು ಅಂತ ಬೀದಿಗೆಲ್ಲಾ ಹೇಳಿದ್ರಿ. ಇನ್ನೊಂದು ಸಲ ನಂಗೆ ಅದು ಬೇಡ ಅನ್ನಿಸ್ತು ಅತ್ತೆ."

ಕೃಷ್ಣಮ್ಮ ಅದನ್ನು ಅಲ್ಲಗಳೆಯಲು ನೋಡಿದಳು. ಅವತ್ತು ಸೋಮವಾರದ ಒಪ್ಪತ್ತು ಎಂದು ಬಾಯಿಗೆ ಬಂತು. ಆದರೆ ಅವಳ ನೆನಪು ಚೆನ್ನಾಗಿತ್ತು, ಅವತ್ತು ಸೋಮವಾರವಾಗಿರಲಿಲ್ಲ.

"ಸಿದ್ದಕ್ಕ ಆದ್ರೂ ಹೇಳ್ಬೋದಿತ್ತಲ್ಲ. ನಾನ್ ಮೇಲೆ ಹೋಗಿ ನಿಂತಾಗ ಹೇಳ್ಬೋದಿತ್ತಲ್ಲ."

"ಅಮ್ಮಂಗೆ ಹೇಳ್ಬೇಡಿ ಅಂತ ನಾನೇ ಅವ್ರ ಹತ್ರ ಮಾತು ತಗೊಂಡಿದ್ದೆ," ಅಂದ ನಂದೀಶ್. "ಬಸಲಿಂಗ ಕೂಡ ರೂಮಿನ ವಿಷ್ಯ ನಿನ್ನೆ ರಾತ್ರಿವರ್ಗೂ ಬಾಯಿ ಬಿಡ್ಲಿಲ್ಲ. ಬೆಳಗ್ಗೆ ಬಂದು ಬೇಡ ಅಂತ ಕೈ ಹಿಡ್ಕೊಂಡೆ. ಬ್ಯಾರೆ ರೂಮು ಮಾತಾಡಿ ಆಗೈತಿ ಬಿಡು ಅಂದ. ನಿಜವಾಗ್ಲೂ ಯಾಕೆ ಖಾಲಿ ಮಾಡಿಸ್ತಿದ್ದೀಯ ಅಂತ ನಂಗೂ ಗೊತ್ತಿರ್ಲಿಲ್ಲ, ಅವ್ರಿಗೂ ಗೊತ್ತಿರ್ಲಿಲ್ಲ."

ಪಲ್ಯ ಬಾಣಲೆಯಲ್ಲೇ ಆರಿತು. ಅವತ್ತು ಯಾರೂ ಬಡಿಸಿಕೊಳ್ಳಲಿಲ್ಲ.

ಅಮಾವಾಸ್ಯೆಯ ದಿನ ಎಡೆಗೆ ಯಾರು ಮಾಡಬೇಕೆಂಬ ಮಾತು ಮತ್ತೆ ಏಳಲಿಲ್ಲ. ಸಾರು ಶೋಭಾರಾಣಿ ಮಾಡಿದಳು. ವಡೆ ಕರಿಯುವುದಕ್ಕೆ ಮೇಘಾ ನಿಂತಳು. ಹುರುಳಿಕಾಯಿ ಪಲ್ಯವನ್ನು ನಂದೀಶ್ ಮಾಡಿದ. ಅಪ್ಪ ಉಣ್ಣುತ್ತಿದ್ದದ್ದು ಕಾಯಿತುರಿಯದೆಂದು ತುರಿಯನ್ನೇ ಹಾಕಿದ. ಬಾಗಿಲು ಮುಂದೆ ಮಾಡಿ ಹೊರಗೆ ನಿಂತಾಗ ಕೃಷ್ಣಮ್ಮನಿಗೆ ಗಂಡ ಉಂಡನೋ ಇಲ್ಲವೋ ಎಂಬ ಚಿಂತೆ ಬರಲಿಲ್ಲ. ತುಂಬಿದ ಬಸುರಿ ಟೆಂಪೋದಲ್ಲಿ ಕುಲುಕಿಕೊಂಡು ಎಷ್ಟು ದೂರ ಹೋದಳೋ ಎಂಬ ಚಿಂತೆ ಬಂತು.

ಆಮೇಲೆ ಮನೆಯಲ್ಲಿ ಊಟದ ರೀತಿ ಬದಲಾಯಿತು. ಶೋಭಾರಾಣಿ ಅತ್ತೆಯ ಮುಂದೆ ತಟ್ಟೆಯಿಟ್ಟು, ಒಂದೊಂದೇ ಮುಚ್ಚಳ ತೆಗೆದು ಹೇಳತೊಡಗಿದಳು. "ಚಪಾತಿ ನಾನ್ ಮಾಡಿದ್ದು. ಪಲ್ಯ ಇವ್ರು ಮಾಡಿದ್ದು. ಚಟ್ನಿ ಮೇಘಾ." ದನಿಯಲ್ಲಿ ಕೊಂಕಿರಲಿಲ್ಲ, ಅದಕ್ಕೇ ಕೃಷ್ಣಮ್ಮನಿಗೆ ತಡೆಯಲಾಗಲಿಲ್ಲ. ಕೆಲವು ದಿನ ಕೇಳಿ ಕೇಳಿ, ಯಾರು ಮಾಡಿದ್ರೂ ಇಕ್ಕವ್ವ ಎಂದಳು. ಶೋಭಾರಾಣಿ ಸರಿ ಅತ್ತೆ ಅಂದಳು. ಮಾರನೆಯ ದಿನ ಮತ್ತೆ ಹೇಳಿದಳು. ಮೇಲಿನ ರೂಮು ಖಾಲಿ ಬಿದ್ದಿತ್ತು. ಕೇಳಿಕೊಂಡು ಬಂದವರಿಗೆ ಕೃಷ್ಣಮ್ಮ ಇನ್ನೊಂದು ವಾರ ನೋಡಿ ಹೇಳ್ತೀನಿ ಎನ್ನುತ್ತಿದ್ದಳು.

ಶಿವಗಂಗಾಳಿಗೆ ಹೆಣ್ಣು ಕೂಸಾಯಿತೆಂದು ನಂದೀಶನಿಂದ ತಿಳಿಯಿತು. ತಾಯಿ ಮಗು ಚೆನ್ನಾಗಿದ್ದಾರೆ ಎಂದು ಅವನು ಬೂಟು ಬಿಚ್ಚುತ್ತ ಹೇಳಿ ಒಳಗೆ ಹೋದ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ವಾರ ಕೃಷ್ಣಮ್ಮ ಅಂಗಡಿಯಿಂದ ಕೊಬ್ಬರಿ, ಬೆಲ್ಲ, ಒಣದ್ರಾಕ್ಷಿ ತರಿಸಿದಳು. ಬಾಣಂತಿಗೆಂದು ಒಂದು ಡಬ್ಬಿ ತುಪ್ಪ ಕಾಯಿಸಿದಳು. ಮೇಘಾಳನ್ನು ಕರೆದುಕೊಂಡು ಚಂದಾಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ರೂಮು ಗ್ಯಾರೇಜೊಂದರ ಹಿಂದಿತ್ತು. ಮೇಲೆ ಶೀಟು, ಒಂದೇ ಕಿಟಕಿ. ಮೂಲೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿದ್ದರು, ಅದರಾಚೆ ಕೂಸು ಮುಲುಗುತ್ತಿತ್ತು. ಸಿದ್ದಕ್ಕ ಬರ್ರಿ ಎಂದು ಚಾಪೆ ಹಾಸಿದಳು, ಕೈ ಹೆಂಗೈತಿ ಎಂದು ಕೇಳಿದಳು, ಮೇಘಾಳ ಗಲ್ಲ ಸವರಿದಳು. ತಂದದ್ದನ್ನು ಎರಡೂ ಕೈ ಚಾಚಿ ತೆಗೆದುಕೊಂಡಳು. ಕೂಸನ್ನು ತಂದು ತೋರಿಸಿದಳು. ಎಲ್ಲವೂ ಸರಿಯಾಗಿಯೇ ಇತ್ತು. ನಂದೀಶ್ ನಡೆದದ್ದನ್ನೆಲ್ಲ ಬಸಲಿಂಗನಿಗೆ ಹೇಳಿದ್ದಾನೆಂದು ಕೃಷ್ಣಮ್ಮನಿಗೆ ಗೊತ್ತಿತ್ತು, ಆದರೆ ಸಿದ್ದಕ್ಕ ಅದರ ಸುದ್ದಿಯೆತ್ತಲಿಲ್ಲ.

"ರೂಮು ಹಂಗೇ ಐತೆ ಸಿದ್ದಕ್ಕ. ಬಂದ್ಬಿಡಿ."

"ನಿಮ್ಮ ತಂಗಿ ಮಗ ಬರ್ಲಿಲ್ಲೇನ್ರಿ?"

ಕೃಷ್ಣಮ್ಮ ತಲೆ ತಗ್ಗಿಸಿದಳು. "ಅವ್ನು ಬರಲ್ಲ. ಬರೋದೇ ಇರ್ಲಿಲ್ಲ."

"ಹೌದ್ರಿ," ಅಂದಳು ಸಿದ್ದಕ್ಕ. "ಇಲ್ಲೇ ರೂಢಿ ಆಗೇತ್ರಿ ನಮಗ."

"ನಂದು ತಪ್ಪಾಯ್ತು."

"ದೊಡ್ಡಾರು ನೀವು, ಹಂಗ್ಯಾಕ ಅಂತೀರಿ. ಕುಂದರ್ರಿ, ಚಾ ಕುಡದು ಹೋಗೀರಂತ."

ಅವಳು ಬಾಗಿಲ ಬಳಿ ಕೂತಿದ್ದ ಮಗನಿಗೆ ಏನೋ ಮೆಲ್ಲಗೆ ಹೇಳಿದಳು. ಬಸಲಿಂಗ ಎದ್ದು ಹೊರಗೆ ಹೋದ. ಒಲೆಯ ಮೇಲೆ ಪಾತ್ರೆಯೊಂದು ಕುದಿಯುತ್ತಿತ್ತು, ಮುಚ್ಚಳ ಅಲುಗಾಡಿ ಶುಂಠಿ ಚಹಾದ ವಾಸನೆ ಬರುತ್ತಿತ್ತು. ಸಿದ್ದಕ್ಕ ಅದನ್ನು ಇಳಿಸಿ ಸೀರೆಯ ಮರೆಗೆ ಇಟ್ಟುಬಂದಳು. ಬಸಲಿಂಗ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಚಹಾ, ಕಾಗದದ ಲೋಟಗಳು. ಸಿದ್ದಕ್ಕ ಚೀಲದ ಗಂಟು ಬಿಚ್ಚಿ ಲೋಟಕ್ಕೆ ಸುರಿದು, ಕೃಷ್ಣಮ್ಮನ ಮುಂದೆ ಇಟ್ಟಳು.

"ಕುಡೀರಿ ಅಮ್ಮಾರ. ಹೊರಗ ಅಂಗಡ್ಯಾಗಿಂದೈತ್ರಿ. ನಾ ಮಾಡಿದ್ದಲ್ಲ."

ಚಹಾ ಸುಡುತ್ತಿತ್ತು. ಕೃಷ್ಣಮ್ಮ ಅದನ್ನು ಆರಿಸದೆ ಕುಡಿದಳು.